ಇಲಿ ದಾಟಲಾರದ 223ನೇ ಮನೆ

2011ರ ಚಳಿಗಾಲದಲ್ಲಿ ನನ್ನ ಮೌಸು ಅರ್ಧ ಸತ್ತಿತ್ತು. ಪೂರ್ತಿ ಸತ್ತಿದ್ದರೆ ಹೊಸದು ತಂದು ಸುಮ್ಮನಾಗಬಹುದಿತ್ತು. ಆದರೆ ಇದರ ಕಾಯಿಲೆ ವಿಚಿತ್ರವಾಗಿತ್ತು. ತೆರೆಯ ಎಡಗಡೆ ಎಲ್ಲಿ ಒತ್ತಿದರೂ ಕರ್ಸರ್ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನಡುವೆ ಒತ್ತಿದರೂ ಸರಿ. ಬಲಗಡೆಗೆ ಹೋಗುತ್ತಾ ಹೋಗುತ್ತಾ ಒಂದು ಜಾಗ ದಾಟಿದ ಮೇಲೆ ಮಾತ್ರ, ಏನು ಕುಟ್ಟಿದರೂ ಕರ್ಸರ್ ಮಿಸುಕುತ್ತಿರಲಿಲ್ಲ. ಬಟ್ಟೆಯಲ್ಲಿ ಒರೆಸಿದೆ. ಪ್ಯಾಡು ಬದಲಿಸಿದೆ. ಪಕ್ಕದ ಮನೆಯ ಹುಡುಗನ ಮೌಸು ತಂದು ಸಿಕ್ಕಿಸಿದೆ. ಅದಕ್ಕೂ ಅದೇ ರೋಗ! ಬ್ರೌಸರಿನಲ್ಲಿ ಮಾತ್ರ ಎರಡೂ ಮೌಸು ಚೆನ್ನಾಗಿಯೇ ಓಡಾಡುತ್ತಿದ್ದವು. ತೊಂದರೆ ಇದ್ದದ್ದು ಟರ್ಮಿನಲ್ ಎಂಬ ಕಪ್ಪು ತೆರೆಯೊಳಗೆ ತೆರೆದಿದ್ದ ವಿಮ್ ಎಡಿಟರಿನಲ್ಲಿ ಮಾತ್ರ.

'ವಿಮ್ ಬಳಸುವವನಿಗೆ ಮೌಸು ಯಾಕಯ್ಯಾ' ಅಂತ ಕೇಳುವವರು ಇಲ್ಲೂ ಇದ್ದೀರಿ, ಗೊತ್ತು. ವಿಮ್ ಹಿಡಿದವರು ಮೌಸು ಮುಟ್ಟಿದರೆ ಮೈಲಿಗೆ ಅನ್ನುವ ಮಡಿ ನಮ್ಮಲ್ಲಿ ಕೆಲವರಿಗಿದೆ. ನನಗಿಲ್ಲ. ಅದಕ್ಕೆ ಕಾರಣವೂ ಇತ್ತು.

ನನ್ನ ಸೋದರಮಾವ ಊರಿನ ಹವ್ಯಾಸಿ ತಂಡಕ್ಕೆ ನಾಟಕ ಬರೆದುಕೊಡುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಪೇಟೆಯ ಡಿಟಿಪಿ ಅಂಗಡಿಯೊಂದರಲ್ಲಿ ಕೂತು, ಆಗಿನ ಯಾವುದೋ ಕನ್ನಡ ತಂತ್ರಾಂಶದಲ್ಲಿ ಒಂಬತ್ತು ನಾಟಕಗಳನ್ನು ಟೈಪು ಮಾಡಿಸಿಟ್ಟಿದ್ದರು. 2009ರಲ್ಲಿ ಮಾವ ತೀರಿಕೊಂಡರು. ಕೈಬರಹದ ಪ್ರತಿಗಳು ಅಟ್ಟದಲ್ಲಿ ಗೆದ್ದಲು ಹಿಡಿದು ಹೋಗಿದ್ದವು. ಉಳಿದದ್ದು ಒಂದು ಸಿ.ಡಿ. ಅದನ್ನು ತೆರೆದರೆ ಒಂದಕ್ಷರ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರ, ತಲೆ ಮೇಲೆ ಕೊಂಬು ಬಾಲ ಇರುವ ಯೂರೋಪಿನ ಅಕ್ಷರ, ನಡುನಡುವೆ ಚೌಕದ ಡಬ್ಬಿಗಳು. ಆ ಫಾಂಟು ಯಾರ ಹತ್ತಿರವೂ ಉಳಿದಿರಲಿಲ್ಲ. ಅಂಗಡಿಯೂ ಮುಚ್ಚಿತ್ತು. "ನಿಂಗೆ ಕಂಪ್ಯೂಟರ್ ಬರ್ತದಲ್ಲ, ಓದೋ ಹಾಗೆ ಮಾಡಿಕೊಡೋ" ಅಂತ ಅತ್ತೆ ಸಿ.ಡಿ.ಯನ್ನು ನನ್ನ ಕೈಗೆ ಕೊಟ್ಟಿದ್ದರು. ಆಗಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಕೆಲಸ ಹೀಗಿತ್ತು. ವಿಮ್‌ನಲ್ಲಿ ತೆರೆಯನ್ನು ಎರಡು ಭಾಗ ಮಾಡಿಕೊಂಡು, ಎಡಗಡೆ 'ಈ ಬೈಟಿಗೆ ಈ ಕನ್ನಡ ಅಕ್ಷರ' ಎನ್ನುವ ಕೋಷ್ಟಕ, ಬಲಗಡೆ ಮಾವನ ಫೈಲಿನ ಬೈಟುಗಳ ಉದ್ದುದ್ದ ಪಟ್ಟಿ. ಬಲಗಡೆ ಒಂದು ಕಡೆ ಒತ್ತು, ನೋಡು, ಎಡಗಡೆ ಒತ್ತು, ತಿದ್ದು. ದಿನಕ್ಕೆ ಸಾವಿರ ಸಲ. ಹೊಸ ಅಗಲದ ಮಾನಿಟರ್ ಬೇರೆ ತಂದಿದ್ದೆ. 1920 ಪಿಕ್ಸೆಲ್ ಅಗಲ, 6 ಪಿಕ್ಸೆಲ್ ಅಗಲದ ಪುಟ್ಟ ಅಕ್ಷರ. ಅಂದರೆ ಒಂದು ಸಾಲಿಗೆ 320 ಮನೆ. (ಚೌಕಾಬಾರದ ಹಾಗೆ ಟರ್ಮಿನಲ್ಲಿನ ತೆರೆಯೂ ಮನೆಗಳಿಂದಾದದ್ದು, ಹಾಗಾಗಿ ಮನೆ ಅಂತಲೇ ಕರೆಯುತ್ತೇನೆ.) ಕೊನೆಗೊಂದು ದಿನ ತಾಳ್ಮೆ ತಂದುಕೊಂಡು ಒಂದೊಂದೇ ಮನೆ ಒತ್ತುತ್ತಾ ಎಣಿಸಿದೆ. 223ನೇ ಮನೆಯವರೆಗೆ ಮೌಸು ಜೀವಂತ. 224ರಿಂದ ಶವ.

223! ಇದೆಂಥ ಸಂಖ್ಯೆ? ಅದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ ಕಥೆಯೇ ಈ ಬರಹ.

ಮೊದಲು ಒಂದು ಮಾತು. ಮೌಸು ಮತ್ತು ಟರ್ಮಿನಲ್ ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ಡಗ್ಲಸ್ ಎಂಗೆಲ್ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಸೇರಿ ಮರದ ಡಬ್ಬಿಯ ಮೊದಲ ಮೌಸು ಮಾಡಿದ್ದು 1964ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ. ಜನ ಅದನ್ನು ನೋಡಿದ್ದು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್ಬಾರ್ಟ್ ಕೊಟ್ಟ ಪ್ರಸಿದ್ಧ ಪ್ರದರ್ಶನದಲ್ಲಿ. ಟರ್ಮಿನಲ್ಲಿನ ವಂಶವೇ ಬೇರೆ. ಅದು ತಂತಿ ಸುದ್ದಿ ಅಚ್ಚು ಮಾಡುತ್ತಿದ್ದ ಟೆಲಿಟೈಪ್ ಯಂತ್ರದ ಮೊಮ್ಮಗ. ದೂರದಲ್ಲೆಲ್ಲೋ ಒಂದು ದೊಡ್ಡ ಗಣಕ, ಇಲ್ಲಿ ಒಂದು ತೆರೆ ಮತ್ತು ಕೀಲಿಮಣೆ, ನಡುವೆ ಒಂದು ತಂತಿ. ಆ ತಂತಿಯಲ್ಲಿ ಒಂದರ ಹಿಂದೊಂದು ಅಕ್ಷರ ಹೋಗಬಹುದು, ಬರಬಹುದು. ಅಷ್ಟೇ. 'ಯಾರೋ ಇಲ್ಲಿ ಬೆರಳಿಟ್ಟರು' ಅಂತ ಹೇಳಲು ಅದರಲ್ಲಿ ದಾರಿಯೇ ಇರಲಿಲ್ಲ.

ಬಿಲ್ ಜಾಯ್ 1976ರ ಸುಮಾರಿಗೆ ಬರ್ಕ್ಲಿಯಲ್ಲಿ ವಿಐ ಎಡಿಟರ್ ಬರೆದದ್ದು ಇಂಥ ಒಂದು ಟರ್ಮಿನಲ್ ಮುಂದೆ ಕೂತು. ಅದರ ಹೆಸರು ಎಡಿಎಂ-3ಎ. ಅದರ ಕೀಲಿಮಣೆಯಲ್ಲಿ ಬಾಣದ ಗುರುತುಗಳಿಗೆ ಬೇರೆ ಕೀಲಿಗಳೇ ಇರಲಿಲ್ಲ. ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೆಯೇ ಬಾಣ ಬರೆದಿತ್ತು. ಇವತ್ತಿಗೂ ವಿಮ್ ಬಳಸುವವರು ಆ ನಾಲ್ಕು ಕೀಲಿ ಒತ್ತಿ ಓಡಾಡುತ್ತಾರಲ್ಲ, ಅದರ ಮೂಲ ಅಲ್ಲಿದೆ. ಅಂದರೆ ನಮ್ಮ ಮಡಿಗೆ ಕಾರಣ ಶಾಸ್ತ್ರವಲ್ಲ, ಆಗ ಇದ್ದ ಯಂತ್ರ. 1978ರಲ್ಲಿ ಬಂದ ಡಿಜಿಟಲ್ ಕಂಪನಿಯ ವಿಟಿ100 ಟರ್ಮಿನಲ್ ಉಳಿದ ಪದ್ಧತಿಗಳನ್ನು ಗಟ್ಟಿ ಮಾಡಿತು. 80 ಮನೆ ಅಗಲ, 24 ಸಾಲು ಎತ್ತರ. ಎಸ್ಕೇಪ್ ಎಂಬ ಸಂಕೇತದಿಂದ ಶುರುವಾಗುವ ಗುಟ್ಟಿನ ಆಜ್ಞೆಗಳು. ಇವತ್ತು ನಮ್ಮ ಲ್ಯಾಪ್‌ಟಾಪಿನಲ್ಲಿ ತೆರೆಯುವ ಟರ್ಮಿನಲ್ ಕಿಟಕಿಯೂ ವಿಟಿ100ರ ವೇಷ ಹಾಕಿಕೊಂಡ ಒಂದು ತಂತ್ರಾಂಶವೇ.

ಇಲ್ಲಿ ಒಬ್ಬರಾದರೂ ಕೇಳಬೇಕು - 'ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಟರ್ಬೋ ಸಿ++ನ ನೀಲಿ ತೆರೆಯಲ್ಲಿ ಮೌಸು ಚೆನ್ನಾಗಿ ಓಡುತ್ತಿತ್ತಲ್ಲ? ಅದೂ ಬರೀ ಅಕ್ಷರಗಳ ತೆರೆಯೇ ತಾನೆ?' ಹೌದು. 1991ರಲ್ಲಿ ಡಾಸ್ 5ರ ಜೊತೆ ಬಂದ ಎಡಿಟ್ ಎಂಬ ಪುಟ್ಟ ಎಡಿಟರಿನಲ್ಲೂ ಮೌಸು ಓಡುತ್ತಿತ್ತು. ಅಲ್ಲಿ ತಂತಿ ಇರಲಿಲ್ಲ, ಅದೇ ವ್ಯತ್ಯಾಸ. ತೆರೆ, ಮೌಸು, ಎಡಿಟರ್ ಎಲ್ಲ ಒಂದೇ ಡಬ್ಬಿಯೊಳಗೆ. ಎಡಿಟರ್ ನೇರವಾಗಿ ಮೌಸಿನ ಚಾಲಕ ತಂತ್ರಾಂಶವನ್ನು 'ಎಲ್ಲಿದ್ದೀಯಾ?' ಎಂದು ಕೇಳಿ ಉತ್ತರ ಪಡೆಯುತ್ತಿತ್ತು. ಯುನಿಕ್ಸ್ ಲೋಕದಲ್ಲಿ ಎಡಿಟರ್ ಬೆಂಗಳೂರಿನಲ್ಲಿದ್ದರೆ ತೆರೆ ಬೀದರಿನಲ್ಲಿರಬಹುದು. ಎಡಿಟರಿಗೆ ಮೌಸು ಕಾಣುವುದೇ ಇಲ್ಲ. ತೆರೆಯ ಕಡೆಯವನು ನೋಡಿ, ಪತ್ರ ಬರೆದು, ತಂತಿಯಲ್ಲಿ ಕಳಿಸಬೇಕು. ಆ ಪತ್ರದ ಭಾಷೆಯೇ ನಮ್ಮ ಕಥೆಯ ನಾಯಕ, ಖಳನಾಯಕ ಎರಡೂ.

ಆ ಭಾಷೆ ಹುಟ್ಟಿದ್ದು ಎಕ್ಸ್‌ಟರ್ಮ್ ಎಂಬ ತಂತ್ರಾಂಶದಲ್ಲಿ. 1984ರ ಬೇಸಿಗೆಯಲ್ಲಿ ಮಾರ್ಕ್ ವ್ಯಾಂಡ್‌ವೂರ್ಡ್ ಅದನ್ನು ಬರೆಯಲು ಶುರು ಮಾಡಿದ್ದು. ಅದೇ ವರ್ಷ ಎಂಐಟಿಯಲ್ಲಿ ಎಕ್ಸ್ ವಿಂಡೋ ವ್ಯವಸ್ಥೆಯೂ ಹುಟ್ಟಿತು, ಎಕ್ಸ್‌ಟರ್ಮ್ ಅದರ ಜೊತೆ ಸೇರಿಕೊಂಡಿತು. ಈಗ ಕಿಟಕಿಗಳಿವೆ, ಮೌಸಿದೆ, ಕಿಟಕಿಯೊಳಗೆ ವಿಟಿ100ರ ವೇಷವಿದೆ. ಒಳಗಿನ ಎಡಿಟರಿಗೂ ಮೌಸಿನ ಸುದ್ದಿ ಮುಟ್ಟಿಸೋಣ ಅಂತ ಯಾರಿಗೋ ಅನಿಸಿತು. ಕೇಳಿದವರಿಗೆ ಮಾತ್ರ ಈ ಸುದ್ದಿ. ಎಡಿಟರ್ ಮೊದಲು '9ನೇ ವಿಧಾನ ಚಾಲೂ ಮಾಡಪ್ಪ' ಎಂದು ಎಸ್ಕೇಪ್ ಆಜ್ಞೆ ಕಳಿಸಬೇಕು. ಆಮೇಲೆ ಪ್ರತಿ ಸಲ ಮೌಸು ಒತ್ತಿದಾಗಲೂ ಟರ್ಮಿನಲ್ 6 ಬೈಟಿನ ಪತ್ರ ಕಳಿಸುತ್ತದೆ. ಎಸ್ಕೇಪ್, ಒಂದು ಚೌಕ ಆವರಣ, ಒಂದು ದೊಡ್ಡ 'ಎಂ' - ಇದು ಮೂರು ಬೈಟಿನ ತಲೆಬರಹ. ನಂತರ ಮೂರೇ ಬೈಟಿನ ಒಕ್ಕಣೆ: ಯಾವ ಗುಂಡಿ, ಎಷ್ಟನೇ ಮನೆ, ಎಷ್ಟನೇ ಸಾಲು.

ಮನೆಯ ಸಂಖ್ಯೆಯನ್ನು ಒಂದೇ ಬೈಟಿನಲ್ಲಿ ಬರೆಯುವುದು ಹೇಗೆ? ಆಸ್ಕಿ ಪಟ್ಟಿಯ ಮೊದಲ 32 ಸಂಕೇತಗಳು ಅಕ್ಷರಗಳಲ್ಲ, ನಿಯಂತ್ರಣ ಸಂಕೇತಗಳು. ಅವನ್ನು ತಂತಿಯಲ್ಲಿ ಕಳಿಸಿದರೆ ನಡುವೆ ಇರುವ ಯಾರಾದರೂ 'ಓ, ಇದು ನಿಲ್ಲಿಸು ಎಂಬ ಆಜ್ಞೆ' ಅಂತ ತಿಳಿದು ಯಡವಟ್ಟು ಮಾಡಿಬಿಡಬಹುದು. ಅದಕ್ಕೆ ಎಲ್ಲ ಸಂಖ್ಯೆಗೂ 32 ಕೂಡಿಸಿ ಕಳಿಸಿದರು. 24ನೇ ಸಾಲು 56 ಆಗುತ್ತದೆ, ಅಂದರೆ '8' ಎಂಬ ಅಂಕಿಯ ಸಂಕೇತ. 80ನೇ ಮನೆ 112 ಆಗುತ್ತದೆ, ಅಂದರೆ ಇಂಗ್ಲಿಷಿನ ಸಣ್ಣ 'ಪಿ'. ಎಲ್ಲವೂ 127ರ ಒಳಗೆ ನೀಟಾಗಿ ಕೂತಿತು. ವಿಟಿ100ಕ್ಕೆ 132 ಮನೆಗಳ ಅಗಲದ ಇನ್ನೊಂದು ರೂಪವಿತ್ತು. ಅದೂ 164ಕ್ಕೆ ಮುಗಿಯಿತು. ಒಂದು ಬೈಟಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 255. ಅದರಲ್ಲಿ 32 ಕಳೆಯಿರಿ.

223. ಸಿಕ್ಕಿತಲ್ಲ ನನ್ನ ಹೆಣ ಬಿದ್ದ ಜಾಗ!

ಅವರನ್ನು ಬೈಯುವುದು ಸುಲಭ. ಆದರೆ ಅವರ ಕಾಲದಲ್ಲಿ ಕೂತು ಯೋಚಿಸಿ. 300 ಬಾಡ್ ಮೋಡೆಮ್ಮಿನಲ್ಲಿ ಒಂದು ಸೆಕೆಂಡಿಗೆ ಹೋಗುವುದು ಸುಮಾರು 30 ಅಕ್ಷರ. 6 ಬೈಟಿನ ಪತ್ರಕ್ಕೇ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಇನ್ನೂ ಆರು ಬೈಟು ಸೇರಿಸಿ ಅಂದರೆ ಯಾರು ಕೇಳುತ್ತಿದ್ದರು? 80 ಮನೆಯ ತೆರೆಯ ಮುಂದೆ ಕೂತವರಿಗೆ 223 ಮನೆ ಅಂದರೆ ಅರಮನೆ. ತಪ್ಪು ಅವರು ಮಿತಿ ಇಟ್ಟದ್ದಲ್ಲ. ಮಿತಿ ದಾಟಿದಾಗ ಏನು ಮಾಡಬೇಕು ಎಂದು ಪತ್ರದಲ್ಲಿ ಹೇಳಲು ಜಾಗವನ್ನೇ ಬಿಡದಿದ್ದದ್ದು.

ಆಮೇಲೆ ಆದದ್ದು ನಮ್ಮ ಹಳೆ ಮನೆಗಳ ಹಾಗೆ. ಅಳಿಯ ಬಂದ ಅಂತ ಒಂದು ಕೋಣೆ, ಎಮ್ಮೆ ತಂದೆವು ಅಂತ ಒಂದು ಕೊಟ್ಟಿಗೆ. 9ನೇ ವಿಧಾನದಲ್ಲಿ ಗುಂಡಿ ಒತ್ತಿದ ಸುದ್ದಿ ಮಾತ್ರ ಬರುತ್ತಿತ್ತು, ಬಿಟ್ಟ ಸುದ್ದಿ ಇಲ್ಲ. ಅದಕ್ಕೆ 1000ನೇ ವಿಧಾನ ಬಂತು. ಗುಂಡಿಗೆ ಇಟ್ಟ ಜಾಗ ಎರಡು ಬಿಟ್ಟು: 0, 1, 2 ಅಂದರೆ ಮೂರು ಗುಂಡಿಗಳು. ಉಳಿದ 3 ಅಂದರೆ 'ಬಿಟ್ಟರು'. ಯಾವ ಗುಂಡಿಯನ್ನು ಬಿಟ್ಟರು? ಹೇಳಲು ಜಾಗವಿಲ್ಲ. ಮೌಸನ್ನು ಒತ್ತಿ ಎಳೆಯುವುದನ್ನು ತಿಳಿಸಲು 1002, ಸುಮ್ಮನೆ ಅಲ್ಲಾಡಿಸಿದ್ದನ್ನೂ ತಿಳಿಸಲು 1003. ತೊಂಬತ್ತರ ದಶಕದಲ್ಲಿ ಮೌಸಿಗೆ ಚಕ್ರ ಬಂತು. ಚಕ್ರಕ್ಕೆ ಏನು ಮಾಡುವುದು? ಅದೂ ಒಂದು ಗುಂಡಿ ಅಂತಲೇ ಲೆಕ್ಕ ಹಾಕಿ 64, 65 ಎಂಬ ಸಂಖ್ಯೆ ಕೊಟ್ಟರು. ಇವತ್ತು ನೀವು ಟರ್ಮಿನಲ್ ಎಡಿಟರಿನಲ್ಲಿ ಚಕ್ರ ತಿರುಗಿಸಿದಾಗ, ಎಡಿಟರಿಗೆ ತಲುಪುವುದು 'ಯಾರೋ 64ನೇ ಗುಂಡಿಯನ್ನು ಪಟಪಟ ಒತ್ತುತ್ತಿದ್ದಾರೆ' ಎಂಬ ಸುದ್ದಿ!

ಈ ಎಲ್ಲವನ್ನೂ ಎಡಿಟರ್‌ಗಳು ಸಹಿಸಿಕೊಂಡೇ ಬಂದವು. 1991ರಲ್ಲಿ ಬ್ರಾಂ ಮೂಲೆನಾರ್ ಅಮಿಗಾ ಗಣಕಕ್ಕಾಗಿ ಹೊರತಂದ ವಿಮ್ ಯುನಿಕ್ಸಿಗೆ ಬಂದ ಮೇಲೆ ಎಕ್ಸ್‌ಟರ್ಮಿನ ಮೌಸು ಭಾಷೆ ಕಲಿಯಿತು. ಹಳೆಯ ಎಕ್ಸ್‌ಟರ್ಮಿನಲ್ಲಿ ಎಳೆಯುವ ಸುದ್ದಿ ಬರುತ್ತಿರಲಿಲ್ಲವಾದ್ದರಿಂದ, ಗುಂಡಿ ಒತ್ತಿದ ಮೇಲೆ ವಿಮ್ ತಾನೇ ಎಕ್ಸ್ ವ್ಯವಸ್ಥೆಯನ್ನು 'ಮೌಸು ಈಗ ಎಲ್ಲಿದೆ, ಈಗ ಎಲ್ಲಿದೆ' ಎಂದು ಪದೇ ಪದೇ ಕೇಳುತ್ತಿತ್ತು. ವಿಮ್‌ನಲ್ಲಿ ಇದನ್ನೆಲ್ಲ ಆರಿಸಿಕೊಳ್ಳುವ ಆಯ್ಕೆಯ ಹೆಸರು 'ಟಿಟಿವೈಮೌಸ್'. ಟಿಟಿವೈ ಅಂದರೆ ಅದೇ ಟೆಲಿಟೈಪ್ ಅಜ್ಜ. ವಿಮ್‌ನ ಸಹಾಯ ಕೈಪಿಡಿಯಲ್ಲಿ ಆ ಆಯ್ಕೆಯ ವಿವರಣೆಯಲ್ಲೇ, ಹಳೆಯ ರೀತಿ 223 ಕಾಲಂಗಳವರೆಗೆ ಮಾತ್ರ ನಡೆಯುತ್ತದೆ ಎಂದು ಬರೆದಿದೆ. ನಾನು ಮೌಸು ಒರೆಸುವ ಬದಲು ಕೈಪಿಡಿ ಓದಬೇಕಿತ್ತು.

ನಡುವೆ ಇನ್ನೊಂದು ದೊಡ್ಡ ಬದಲಾವಣೆ ಆಯಿತು. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನ ಊಟದ ಮೇಜಿನ ಮೇಲೆ, ತಟ್ಟೆಯ ಕೆಳಗೆ ಹಾಸುವ ಕಾಗದದಲ್ಲಿ ಯುಟಿಎಫ್-8ರ ರೂಪ ಬರೆದರು. ನಾವು ಬ್ಲಾಗಿನಲ್ಲಿ ಕನ್ನಡ ಬರೆಯುವುದು ಇದರ ಪುಣ್ಯದಿಂದಲೇ. ಯುಟಿಎಫ್-8ರಲ್ಲಿ 127ಕ್ಕಿಂತ ದೊಡ್ಡ ಬೈಟು ಒಂಟಿಯಾಗಿ ಬರುವ ಹಾಗಿಲ್ಲ, ಅದು ಗುಂಪಿನಲ್ಲೇ ಬರಬೇಕು. ಆದರೆ ಮೌಸಿನ ಹಳೆ ಪತ್ರದಲ್ಲಿ 96ನೇ ಮನೆಯನ್ನು ಒತ್ತಿದರೆ 128 ಎಂಬ ಒಂಟಿ ಬೈಟು ಬರುತ್ತದೆ. ಬರುವುದನ್ನೆಲ್ಲ ಯುಟಿಎಫ್-8 ಎಂದೇ ಓದುವ ತಂತ್ರಾಂಶಕ್ಕೆ ಅದು ಹೊಟ್ಟೆಯಲ್ಲಿ ಕಲ್ಲು ಸಿಕ್ಕಿದ ಹಾಗೆ. ಅಂದರೆ ಕೆಲವರಿಗೆ ಗಡಿ 223 ಅಲ್ಲ, 95.

ಇದನ್ನು ಸರಿ ಮಾಡಲು ಬಂದ ಮೊದಲ ಮದ್ದು 1005ನೇ ವಿಧಾನ. 2010ರಲ್ಲಿ ಎಕ್ಸ್‌ಟರ್ಮಿಗೆ ಸೇರಿತು. (1996ರಿಂದ ಎಕ್ಸ್‌ಟರ್ಮನ್ನು ನೋಡಿಕೊಳ್ಳುತ್ತಿರುವವರು ಥಾಮಸ್ ಡಿಕಿ. ಎಷ್ಟು ವರ್ಷ ಒಂದೇ ಹಸುವಿಗೆ ಹುಲ್ಲು ಹಾಕಿದ್ದಾರೆ ನೋಡಿ!) ಮದ್ದಿನ ಉಪಾಯ ಜಾಣತನದ್ದೇ. ಪತ್ರದ ರೂಪ ಹಾಗೆಯೇ ಇರಲಿ, ಸಂಖ್ಯೆ ದೊಡ್ಡದಾದರೆ ಅದನ್ನು ಯುಟಿಎಫ್-8 ರೀತಿಯಲ್ಲಿ ಎರಡು ಬೈಟಾಗಿ ಬರೆಯೋಣ. ಎರಡು ಬೈಟಿನ ಯುಟಿಎಫ್-8 2047ರವರೆಗೆ ಹೋಗುತ್ತದೆ, 32 ಕಳೆದರೆ 2015 ಮನೆ. ಯಾರಿಗೆ ಬೇಕು ಅದಕ್ಕಿಂತ ಹೆಚ್ಚು?

ಜಾಣತನವೇ ಮುಳುವಾಯಿತು. ತಲೆಬರಹ ಹಳೆಯದೇ, ಎಸ್ಕೇಪ್-ಆವರಣ-ಎಂ. ಒಳಗಿನ ಲೆಕ್ಕ ಮಾತ್ರ ಹೊಸದು. ಈಗ ಎಡಿಟರಿಗೆ ತಲೆಬರಹ, ಗುಂಡಿ ಆದ ಮೇಲೆ 194, 132 ಎಂಬ ಎರಡು ಬೈಟು ಬಂತು ಅಂದುಕೊಳ್ಳಿ. ಹಳೆ ಲೆಕ್ಕದಲ್ಲಿ ಓದಿದರೆ 162ನೇ ಮನೆ, 100ನೇ ಸಾಲು, ಪತ್ರ ಮುಗಿಯಿತು. ಹೊಸ ಲೆಕ್ಕದಲ್ಲಿ ಓದಿದರೆ ಎರಡೂ ಸೇರಿ 100ನೇ ಮನೆ, ಸಾಲು ಇನ್ನೂ ಬರಬೇಕು. ಎರಡರಲ್ಲಿ ಯಾವುದು? ಪತ್ರ ನೋಡಿ ಹೇಳಲು ಸಾಧ್ಯವೇ ಇಲ್ಲ. 'ಎಡಿಟರ್ ತಾನೇ ಕೇಳಿದ್ದಲ್ವಾ 1005 ಅಂತ, ಗೊತ್ತಿರಬೇಕಲ್ಲ' ಅನ್ನಬಹುದು. ಆದರೆ ಟರ್ಮಿನಲ್‌ಗಳು ತಮಗೆ ಅರ್ಥವಾಗದ ಆಜ್ಞೆಗೆ ಇಲ್ಲ ಅನ್ನುವುದಿಲ್ಲ, ಸುಮ್ಮನಿದ್ದುಬಿಡುತ್ತವೆ. ಹೂಂ ಅಂತಲೂ ಇಲ್ಲ, ಊಹೂಂ ಅಂತಲೂ ಇಲ್ಲ. ತಪ್ಪು ಓದಿದರೆ ಕ್ಲಿಕ್ಕು ಬೇರೆ ಕಡೆ ಬೀಳುವುದು ಮಾತ್ರವಲ್ಲ, ಪತ್ರದಲ್ಲಿ ಉಳಿದುಹೋದ ಬೈಟನ್ನು ಎಡಿಟರ್ 'ಬಳಕೆದಾರ ಒತ್ತಿದ ಕೀಲಿ' ಎಂದು ತಿಳಿಯುತ್ತದೆ. ವಿಮ್‌ನಂಥ ಎಡಿಟರಿನಲ್ಲಿ ಒಂಟಿ ಅಕ್ಷರವೂ ಆಜ್ಞೆ. ಒಂದು ಅಕ್ಷರ ಅಳಿಸುವುದೋ, ಒಂದು ಸಾಲು ಕತ್ತರಿಸುವುದೋ ಆಗಬಹುದು. ಒಬ್ಬರೇ ಮಾವ, ಒಂದೇ ಸಿ.ಡಿ. ಇಟ್ಟುಕೊಂಡು ಕೂತವನಿಗೆ ಇದು ತಮಾಷೆಯ ವಿಷಯವಲ್ಲ.

ಎರಡನೇ ಮದ್ದು ಯುಆರ್‌ಎಕ್ಸ್‌ವಿಟಿ ಎಂಬ ಟರ್ಮಿನಲ್ ತಂದ 1015. ಇದರಲ್ಲಿ ಸಂಖ್ಯೆಗಳನ್ನು ಬೈಟಿನೊಳಗೆ ಮುಚ್ಚಿಡದೆ, ಅಂಕಿಗಳಲ್ಲೇ ಬರೆದು ಕೊನೆಗೆ ದೊಡ್ಡ 'ಎಂ' ಹಾಕಿದರು. ದಾರಿ ಸರಿಯಾಗಿತ್ತು. ಆದರೆ ಅಂಕಿ ಬರೆದು ಕೊನೆಗೆ 'ಎಂ' ಹಾಕುವ ರೂಪಕ್ಕೆ ಟರ್ಮಿನಲ್ ಭಾಷೆಯಲ್ಲಿ ಆಗಲೇ ಬೇರೊಂದು ಅರ್ಥವಿತ್ತು - 'ಇಷ್ಟು ಸಾಲು ಅಳಿಸು'. ಜೊತೆಗೆ ಯಾವ ಗುಂಡಿ ಬಿಟ್ಟರು ಎಂಬ ಹಳೆ ಪ್ರಶ್ನೆ ಹಾಗೆಯೇ ಉಳಿಯಿತು.

ಮೂರನೆಯದು 1006. 2012ರಲ್ಲಿ ಎಕ್ಸ್‌ಟರ್ಮಿನ 277ನೇ ಆವೃತ್ತಿಯಲ್ಲಿ ಬಂತು. ಎಸ್‌ಜಿಆರ್ ಎಂಬ ಹೆಸರಿನಿಂದ ಕರೆಯುವುದು ಇದನ್ನೇ. ಇದನ್ನು ನೋಡಿದರೆ ಇಷ್ಟು ಸರಳವೇ ಅನಿಸುತ್ತದೆ. ಎಸ್ಕೇಪ್, ಚೌಕ ಆವರಣ, ನಂತರ '<' ಎಂಬ ಗುರುತು. ಬೇರೆ ಯಾವ ಉತ್ತರವೂ ಈ ಗುರುತಿನಿಂದ ಶುರುವಾಗುವುದಿಲ್ಲ, ಹಾಗಾಗಿ ನೋಡಿದ ತಕ್ಷಣ ಇದು ಮೌಸಿನ ಪತ್ರ, ಹೊಸ ರೂಪದ್ದು ಎಂದು ಗೊತ್ತಾಗುತ್ತದೆ. ಆಮೇಲೆ 0;300;12 ಎಂದು ಸಾದಾ ಅಂಕಿ. ಮೊದಲ ಗುಂಡಿ, 300ನೇ ಮನೆ, 12ನೇ ಸಾಲು. 32 ಕೂಡಿಸುವ ಕಸರತ್ತಿಲ್ಲ. ಕೊನೆಯಲ್ಲಿ ದೊಡ್ಡ 'ಎಂ' ಇದ್ದರೆ ಒತ್ತಿದ್ದು, ಸಣ್ಣ 'ಎಂ' ಇದ್ದರೆ ಬಿಟ್ಟದ್ದು. ಗುಂಡಿಯ ಸಂಖ್ಯೆ ಮೊದಲೇ ಇರುವುದರಿಂದ ಯಾವುದನ್ನು ಬಿಟ್ಟರು ಎನ್ನುವುದೂ ಗೊತ್ತಾಯಿತು. ಇಡೀ ಪತ್ರ 12 ಬೈಟು. ಹಳೆಯದರ ಎರಡರಷ್ಟು. ಆದರೆ ಈಗ ಯಾರು ಬೈಟು ಎಣಿಸುತ್ತಾರೆ?

ಅರ್ಧ ಕೆಲಸ ಟರ್ಮಿನಲ್ಲಿನದಾದರೆ ಉಳಿದರ್ಧ ಎಡಿಟರಿನದು. ಹಳೆ ಪತ್ರ ಯಾವಾಗಲೂ 6 ಬೈಟು. ಮೂರು ಎಣಿಸಿ ಓದಿದರೆ ಮುಗಿಯಿತು. ಹೊಸ ಪತ್ರದ ಉದ್ದ ಮೊದಲೇ ಗೊತ್ತಿಲ್ಲ, ಕೊನೆಯ 'ಎಂ' ಬರುವವರೆಗೆ ಕಾಯಬೇಕು. ನಿಧಾನದ ಸಂಪರ್ಕದಲ್ಲಿ ಪತ್ರ ಹರಿದು ಎರಡು ತುಂಡಾಗಿ ಬರಬಹುದು. ಮೊದಲ ತುಂಡಿನಲ್ಲಿ ಬರೀ ಎಸ್ಕೇಪ್ ಇದ್ದರೆ? ಅದು ಬಳಕೆದಾರ ಒತ್ತಿದ ಎಸ್ಕೇಪ್ ಕೀಲಿಯೋ, ಪತ್ರದ ಶುರುವೋ? ಬೇರೆ ದಾರಿಯಿಲ್ಲದೆ ಎಡಿಟರ್‌ಗಳು ಒಂದಷ್ಟು ಮಿಲಿಸೆಕೆಂಡು ಕಾದು ನೋಡುತ್ತವೆ. ಕಡಿಮೆ ಕಾದರೆ ಪತ್ರದ ಬಾಲ ಅಕ್ಷರಗಳಾಗಿ ಫೈಲಿನೊಳಗೆ ಸುರಿಯುತ್ತದೆ. ಹೆಚ್ಚು ಕಾದರೆ ಎಸ್ಕೇಪ್ ಕೀಲಿ ಮಂದವಾಗುತ್ತದೆ. ಟರ್ಮಿನಲ್ ಎಡಿಟರಿನಲ್ಲಿ ಮೌಸು ಸರಿ ಮಾಡಲು ಹೊರಟ ಯಾರೇ ಆದರೂ ಈ ತೂಗುವ ಕೆಲಸ ಮಾಡಲೇಬೇಕು.

ವಿಮ್ ಈ ರೂಪವನ್ನು ಕಲಿತದ್ದು ಬೇಗ. 2013ರ ಆಗಸ್ಟಿನಲ್ಲಿ ಬಂದ ವಿಮ್ 7.4ರಲ್ಲಿ ಅದು ಸೇರಿತ್ತು. ನಾನು ಆ ಆವೃತ್ತಿ ಹಾಕಿಕೊಂಡು 'ಟಿಟಿವೈಮೌಸ್' ಆಯ್ಕೆಗೆ 'ಎಸ್‌ಜಿಆರ್' ಅಂತ ಒಂದು ಸಾಲು ಸೇರಿಸಿದೆ. ಹೆದರುತ್ತಾ 224ನೇ ಮನೆ ಒತ್ತಿದೆ. ಕರ್ಸರ್ ಬಂತು. 300, ಬಂತು. 320, ಕೊನೆಯ ಮನೆ, ಅಲ್ಲಿಗೂ ಬಂತು! ಎರಡು ವರ್ಷ ಕೀಲಿಮಣೆಯಲ್ಲಿ ತಡಕಾಡಿದ್ದ ಜಾಗಕ್ಕೆ ಒಂದೇ ಸಾಲಿನಲ್ಲಿ ದಾರಿಯಾಯಿತು. ಈಗಿನ ವಿಮ್‌ಗೆ ಆ ಸಾಲೂ ಬೇಕಿಲ್ಲ. ಅದು ಟರ್ಮಿನಲ್ಲಿಗೆ 'ನಿನ್ನ ಆವೃತ್ತಿ ಎಷ್ಟು' ಎಂದು ಕೇಳಿ, 277 ಅಥವಾ ಅದಕ್ಕಿಂತ ಮೇಲಿದ್ದರೆ ತಾನೇ ಎಸ್‌ಜಿಆರ್ ಹಾಕಿಕೊಳ್ಳುತ್ತದೆ. 2022ರಲ್ಲಿ ಬಂದ ನಿಯೋವಿಮ್ 0.8ರಿಂದ ಆ ಎಡಿಟರಿನಲ್ಲಿ ಮೌಸು ಮೊದಲಿನಿಂದಲೇ ಚಾಲೂ ಇರುತ್ತದೆ. ಮಡಿಯವರ ಕೋಟೆಯೂ ಬಿತ್ತು ಅನ್ನಿ.

ಹಾಗಂತ ಎಲ್ಲ ಮುಗಿಯಲಿಲ್ಲ. ದೂರದ ಗಣಕದಲ್ಲಿ ಎಡಿಟರ್ ತೆರೆದಿದ್ದಾಗ ಸಂಪರ್ಕ ಕಡಿದುಹೋದರೆ, 'ಮೌಸಿನ ಸುದ್ದಿ ಸಾಕು' ಅಂತ ಹೇಳಬೇಕಾದ ಎಡಿಟರೇ ಇರುವುದಿಲ್ಲ. ಟರ್ಮಿನಲ್ ಪಾಪ, ಸತ್ತವರ ವಿಳಾಸಕ್ಕೆ ಪತ್ರ ಹಾಕುತ್ತಲೇ ಇರುತ್ತದೆ. ಮೌಸು ಅಲ್ಲಾಡಿಸಿದರೆ ತೆರೆ ತುಂಬ ಅಂಕಿಗಳ ಮಳೆ. ಹೀಗಾದರೆ ಗಾಬರಿಯಾಗಿ ಕಿಟಕಿ ಮುಚ್ಚಬೇಡಿ. ಕಣ್ಣಿಗೆ ಏನೇ ಕಂಡರೂ 'ರಿಸೆಟ್' ಎಂಬ ಆಜ್ಞೆ ಟೈಪಿಸಿ ಎಂಟರ್ ಒತ್ತಿ. ಇನ್ನು, ಎಡಿಟರ್ ಮೌಸನ್ನು ಹಿಡಿದುಕೊಂಡಿರುವಾಗ ಮೊದಲಿನ ಹಾಗೆ ಪಠ್ಯವನ್ನು ಆರಿಸಿ ಕಾಪಿ ಮಾಡಬೇಕೆಂದರೆ, ಬಹಳಷ್ಟು ಟರ್ಮಿನಲ್‌ಗಳಲ್ಲಿ ಶಿಫ್ಟ್ ಒತ್ತಿಕೊಂಡು ಎಳೆದರೆ ಸಾಕು.

ನಮಗೆ, ಅಂದರೆ ಕನ್ನಡ ಬರೆಯುವವರಿಗೆ, ಇನ್ನೊಂದು ತೊಡಕಿದೆ. ಮೌಸಿನ ಪತ್ರ 'ಮನೆ'ಯ ಸಂಖ್ಯೆ ಹೇಳುತ್ತದೆ, ಅಕ್ಷರ ಹೇಳುವುದಿಲ್ಲ. 'ಕನ್ನಡ' ಎಂಬ ಪದವನ್ನೇ ನೋಡಿ. ಕಣ್ಣಿಗೆ 3 ಅಕ್ಷರ, ಯೂನಿಕೋಡಿಗೆ 5 ಸಂಕೇತ, ಯುಟಿಎಫ್-8ಕ್ಕೆ 15 ಬೈಟು, ಟರ್ಮಿನಲ್‌ಗಳು ಸಾಮಾನ್ಯವಾಗಿ ಬಳಸುವ ಲೆಕ್ಕದಲ್ಲಿ 4 ಮನೆ! ಅದೇ ಲೆಕ್ಕದಲ್ಲಿ 'ಕಿ'ಗೆ ಒಂದು ಮನೆ, 'ಕಾ'ಗೆ ಎರಡು. ಯೂನಿಕೋಡಿನಲ್ಲಿ ಗುಡಿಸು ಜಾಗ ತೆಗೆದುಕೊಳ್ಳದ ಚಿಹ್ನೆಗಳ ವರ್ಗದಲ್ಲಿದೆ, ದೀರ್ಘದ 'ಾ' ಜಾಗ ತೆಗೆದುಕೊಳ್ಳುವ ವರ್ಗದಲ್ಲಿದೆ, ಅದಕ್ಕೆ. ಟರ್ಮಿನಲ್ ಒಂದು ಲೆಕ್ಕ, ಎಡಿಟರ್ ಇನ್ನೊಂದು ಲೆಕ್ಕ ಇಟ್ಟುಕೊಂಡರೆ, ಸಾಲಿನ ಕೊನೆಯಲ್ಲಿ ಒತ್ತಿದ ಕ್ಲಿಕ್ಕು ನಾಲ್ಕು ಅಕ್ಷರ ಆಚೆ ಬೀಳುತ್ತದೆ. ಕೆಲವು ಹೊಸ ಟರ್ಮಿನಲ್‌ಗಳು ಇಡೀ ಅಕ್ಷರವನ್ನು ಒಂದು ಘಟಕವಾಗಿ ಎಣಿಸುವ 2027ನೇ ವಿಧಾನ ತಂದಿವೆ. ಅದು ಎಲ್ಲ ಕಡೆ ಒಪ್ಪಿಗೆಯಾಗುವ ತನಕ ಕನ್ನಡ ಸಾಲಿನ ಮೇಲೆ ಮೌಸು ಒತ್ತುವುದು ಸ್ವಲ್ಪ ಅದೃಷ್ಟದ ಆಟವೇ.

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದದ್ದು ಒಂದೇ ಮಾತು. ಮಾವನ ಸಿ.ಡಿ.ಗೆ ಬಂದ ಕಾಯಿಲೆ, ನನ್ನ ಮೌಸಿಗೆ ಬಂದ ಕಾಯಿಲೆ, ಎರಡೂ ಒಂದೇ. ಆಗಿನ ಕನ್ನಡ ಫಾಂಟುಗಳೂ ಒಂದು ಬೈಟಿನ 256 ಜಾಗದಲ್ಲಿ ಕನ್ನಡವನ್ನು ತುರುಕಿದವು. ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ಚಿತ್ರ ತೊಡಿಸಿದವು. ಆ ಹೊತ್ತಿಗೆ ಅದು ದೊಡ್ಡ ಉಪಕಾರವೇ, ಮಾವನ ನಾಟಕ ಅಚ್ಚಾದದ್ದು ಅದರಿಂದಲೇ. ಆದರೆ 'ನಾನು ಕನ್ನಡ, ಇಂಥ ಫಾಂಟಿನ ಕನ್ನಡ' ಅಂತ ಆ ಬೈಟುಗಳು ಎಲ್ಲೂ ಹೇಳಿಕೊಳ್ಳಲಿಲ್ಲ. ಓದುವವನಿಗೆ ಮೊದಲೇ ಗೊತ್ತಿರಬೇಕಿತ್ತು. ಗೊತ್ತಿದ್ದವರು ಹೋದ ಮೇಲೆ ಉಳಿದದ್ದು ಕಸ. 1005ನೇ ವಿಧಾನ ಸೋತದ್ದೂ ಅದಕ್ಕೇ. 1006 ಗೆದ್ದದ್ದು, ಯೂನಿಕೋಡ್ ಗೆದ್ದದ್ದು ಜಾಣತನದಿಂದಲ್ಲ. ನಾಲ್ಕು ಬೈಟು ಹೆಚ್ಚು ಖರ್ಚಾದರೂ ಪರವಾಗಿಲ್ಲ ಅಂತ ತಾನು ಯಾರು ಎಂದು ಬಿಡಿಸಿ ಹೇಳಿದ್ದರಿಂದ.

ಒಂಬತ್ತು ನಾಟಕಗಳಲ್ಲಿ ಏಳು ಪೂರ್ತಿ ಯೂನಿಕೋಡಿಗೆ ಬಂದವು. ಎಂಟನೆಯದರಲ್ಲಿ ಕೆಲವು ಒತ್ತಕ್ಷರ ಇನ್ನೂ ಅನುಮಾನ. ಒಂಬತ್ತನೆಯ ಫೈಲು ಸಿ.ಡಿ.ಯಲ್ಲೇ ಕೆಟ್ಟಿತ್ತು, ಅದಕ್ಕೆ ಯಾವ ಮೌಸೂ ಏನೂ ಮಾಡಲಾರದು. ಮೊದಲ ನಾಟಕವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಅತ್ತೆಗೆ ಕೊಟ್ಟೆ. ಅವರು ಎರಡು ಪುಟ ಓದಿ, ಕನ್ನಡಕ ತೆಗೆದು, "ಈ ಮಾತು ಅವರು ನಂಗೇ ಹೇಳಿದ್ದು. ನಾಟಕಕ್ಕೆ ಹಾಕ್ಕೊಂಡ್ಬಿಟ್ಟಿದಾರೆ ನೋಡು" ಅಂದರು. ಯಾವ ಮಾತು ಅಂತ ನಾನು ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಹಳೆ ಫಾಂಟಿನ ಫೈಲುಗಳಿದ್ದರೆ, ಓದಲು ಬರುವವರು ಇರುವಾಗಲೇ ಯೂನಿಕೋಡಿಗೆ ತಂದಿಟ್ಟುಕೊಳ್ಳಿ. ಮತ್ತೆ, ನಿಮ್ಮ ಟರ್ಮಿನಲ್ ಅಗಲ ಮಾಡಿ ಬಲತುದಿಯಲ್ಲಿ ಒಮ್ಮೆ ಒತ್ತಿ ನೋಡಿ. ಕರ್ಸರ್ ಬರದಿದ್ದರೆ ಮೌಸು ಒರೆಸಬೇಡಿ!